ಗುಡ್ಡದ ಮರೆಯ ಸಿಗ್ನಲ್: ಕೊಡಗಿನಲ್ಲಿ ಅಳೆಯಲು ಯಾವ ದಾರಿ, ಲೆಕ್ಕ ಹಾಕಲು ಯಾವ ದಾರಿ

ಕಕ್ಕಬ್ಬೆ ಕಡೆಯ ನಮ್ಮ ಮನೆಗೂ ಹತ್ತಿರದ ಟವರಿಗೂ ನೇರ ಗೆರೆ ಎಳೆದರೆ 5 ಕಿಲೋಮೀಟರ್. ಕಂಪನಿಯ ನಕ್ಷೆಯಲ್ಲಿ ನಮ್ಮ ಇಡೀ ಊರಿಗೆ ಬಣ್ಣ ಬಳಿದಿದ್ದಾರೆ, ಅಂದರೆ 4ಜಿ ಇದೆ ಎಂದು ಅರ್ಥ. ಆದರೆ ಅಮ್ಮ ಯಾರಿಗಾದರೂ ಫೋನ್ ಮಾಡಬೇಕಾದರೆ ಕಾಫಿ ಕಣದ ಮೂಲೆಗೆ ಹೋಗಿ ನಿಲ್ಲಬೇಕು. ನಾಲ್ಕು ಹೆಜ್ಜೆ ಈಚೆ ಬಂದರೆ ಕಾಲ್ ಕಟ್.

ಈ ಮೂಲೆಯ ಗುಟ್ಟು ಏನು ಅಂತ ಹುಡುಕುತ್ತಾ ಹೋಗಿ ಕೆಲವು ವರ್ಷಗಳಿಂದ ಸಿಗ್ನಲ್ ಅಳೆಯುವುದು, ಲೆಕ್ಕ ಹಾಕುವುದು ಎರಡನ್ನೂ ಕಲಿತಿದ್ದೇನೆ. ಮೊದಲು ನಮ್ಮ ಮನೆಗೆ, ಆಮೇಲೆ ನೆಂಟರ ಹೋಂಸ್ಟೇಗೆ, ಆಮೇಲೆ ಪಂಚಾಯಿತಿ ಅರ್ಜಿಗೆ. ಈಗ ಪರಿಚಯದವರು ತುಂಬಾ ಜನ ಕೇಳುತ್ತಾರೆ: ಯಾವ ಆಪ್ ಹಾಕಬೇಕು, ಯಾವ ಸಾಫ್ಟ್‌ವೇರ್ ನಂಬಬೇಕು, ಆಂಟೆನಾ ಎಲ್ಲಿ ನಿಲ್ಲಿಸಬೇಕು? ಒಂದೊಂದನ್ನೂ ಪಕ್ಕಪಕ್ಕ ಇಟ್ಟು ಹೇಳುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಟವರ್ ಎಷ್ಟು ದೂರ ಅನ್ನುವುದಕ್ಕಿಂತ ಮಧ್ಯೆ ಯಾವ ಗುಡ್ಡ ಇದೆ, ಯಾವ ತೋಟ ಇದೆ ಅನ್ನುವುದೇ ದೊಡ್ಡದು. ದೂರ ಒಂದನ್ನೇ ನೋಡುವ ಯಾವ ಲೆಕ್ಕವನ್ನೂ ಇಲ್ಲಿ ನಂಬಬೇಡಿ.

ಸಿಗ್ನಲ್ ಎಲ್ಲಿ ಖರ್ಚಾಗುತ್ತದೆ

ಹೋಲಿಕೆಗೆ ಮುಂಚೆ ಒಂದು ಜಮಾ-ಖರ್ಚು ನೋಡೋಣ. ಇದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ.

ಎಲ್ಲವೂ ಡಿಬಿ (ಡೆಸಿಬೆಲ್) ಲೆಕ್ಕದಲ್ಲಿ ನಡೆಯುತ್ತದೆ. 3 ಡಿಬಿ ಹೋದರೆ ಶಕ್ತಿ ಅರ್ಧ, 10 ಡಿಬಿ ಹೋದರೆ ಹತ್ತರಲ್ಲಿ ಒಂದು, 20 ಹೋದರೆ ನೂರರಲ್ಲಿ ಒಂದು. ಫೋನಿನಲ್ಲಿ ನೋಡಬೇಕಾದ ಅಂಕಿಯ ಹೆಸರು ಆರ್‌ಎಸ್‌ಆರ್‌ಪಿ. ಟವರಿನ ಸಿಗ್ನಲ್ ಎಷ್ಟು ಶಕ್ತಿಯಲ್ಲಿ ಫೋನಿಗೆ ತಲುಪಿದೆ ಅಂತ ಹೇಳುವ ಅಂಕಿ ಅದು, ಮೈನಸ್‌ನಲ್ಲಿರುತ್ತದೆ. -80 ಇದ್ದರೆ ಚೆನ್ನಾಗಿದೆ. -100 ಪರವಾಗಿಲ್ಲ. -110 ದಾಟಿ ಕೆಳಗಿಳಿದರೆ ತೊಂದರೆ ಶುರು, -120ರ ಹತ್ತಿರ ಕಾಲ್ ನಿಲ್ಲುವುದೇ ಕಷ್ಟ.

ಸಾಮಾನ್ಯ 4ಜಿ ಟವರ್ ಒಂದು, 20 ವಾಟ್ ಶಕ್ತಿ, ಒಳ್ಳೆಯ ಆಂಟೆನಾ, 10 ಮೆಗಾಹರ್ಟ್ಸ್ ಅಗಲದ ಚಾನೆಲ್ ಅಂತ ಇಟ್ಟುಕೊಳ್ಳಿ. ಆಂಟೆನಾ ಬಾಯಲ್ಲಿ ಆರ್‌ಎಸ್‌ಆರ್‌ಪಿ ಲೆಕ್ಕಕ್ಕೆ ಸುಮಾರು +30 ಸಿಗುತ್ತದೆ. 900 ಮೆಗಾಹರ್ಟ್ಸ್‌ನಲ್ಲಿ, ಮಧ್ಯೆ ಏನೂ ಇಲ್ಲದ ಖಾಲಿ ಗಾಳಿಯಲ್ಲಿ, 5 ಕಿಲೋಮೀಟರಿಗೆ ಹೋಗುವುದು 105 ಡಿಬಿ ಚಿಲ್ಲರೆ. ಉಳಿಯುವುದು -75. ಎಷ್ಟು ಒಳ್ಳೆಯ ಸಿಗ್ನಲ್ ಅಲ್ವಾ? ದೂರದಿಂದ ಆಗುವ ನಷ್ಟ ಅಷ್ಟೇ.

ಈಗ ಮಧ್ಯೆ ಒಂದು ಗುಡ್ಡ ಇಡೋಣ. ಟವರಿನಿಂದ 4 ಕಿಲೋಮೀಟರ್, ಮನೆಯಿಂದ 1 ಕಿಲೋಮೀಟರ್. ಟವರಿಗೂ ಮನೆಗೂ ಎಳೆದ ಗೆರೆಗಿಂತ ಗುಡ್ಡದ ನೆತ್ತಿ 60 ಮೀಟರ್ ಮೇಲಿದೆ. ಕೊಡಗಿನಲ್ಲಿ ಇದು ದೊಡ್ಡ ಗುಡ್ಡವೇ ಅಲ್ಲ. ನಷ್ಟ 27 ಡಿಬಿ. -75 ಇದ್ದದ್ದು -102 ಆಯಿತು. ಮನೆಯ ಮುಂದೆ 100 ಮೀಟರ್ ಕಾಫಿ ತೋಟ, ಮೇಲೆ ನೆರಳಿನ ಮರ, ಮರಕ್ಕೆ ಮೆಣಸಿನ ಬಳ್ಳಿ. ಮರಗಳ ನಷ್ಟಕ್ಕೆ ವೈಸ್‌ಬರ್ಗರ್ ಎಂಬ ಸೂತ್ರ ಇದೆ, ಅದರ ಪ್ರಕಾರ ಇನ್ನೂ 19 ಡಿಬಿ ಹೋಗುತ್ತದೆ. ಉಳಿದದ್ದು -122. ಟವರ್ ಇದ್ದ ಹಾಗೇ ಇದೆ, 5 ಕಿಲೋಮೀಟರ್ ಹಾಗೇ ಇದೆ, ಫೋನ್ ಮಾತ್ರ ಸತ್ತಿದೆ.

ಇದೇ ಲೆಕ್ಕವನ್ನು 2300 ಮೆಗಾಹರ್ಟ್ಸ್‌ಗೆ ಮಾಡಿದರೆ ಗಾಳಿಯಲ್ಲಿ 8 ಡಿಬಿ, ಗುಡ್ಡಕ್ಕೆ 4, ಮರಕ್ಕೆ 6, ಒಟ್ಟು 18 ಡಿಬಿ ಜಾಸ್ತಿ ಹೋಗುತ್ತದೆ. ಹಾಗಾಗಿ ಟವರ್ ಇದೆಯಾ ಅಂತ ಕೇಳಿದರೆ ಸಾಲದು, ಯಾವ ಬ್ಯಾಂಡ್, ಅಂದರೆ ಎಷ್ಟು ಮೆಗಾಹರ್ಟ್ಸ್‌ನ ಅಲೆ ಇದೆ ಅಂತಲೂ ಕೇಳಬೇಕು. 700, 850, 900 ನಮಗೆ ಬೇಕಾದವು. 2300, 3500 ಇದ್ದರೆ ಪೇಟೆಯಲ್ಲಿ ವೇಗ ಚೆನ್ನಾಗಿರುತ್ತದೆ, ಆದರೆ ಗುಡ್ಡದ ಹಿಂದಿನ ಮನೆಗೆ ಅದರಿಂದ ಪ್ರಯೋಜನ ಕಡಿಮೆ.

ಮಡಿಕೇರಿ ಆಕಾಶವಾಣಿ 103.1ರಲ್ಲಿ ಬರುತ್ತದಲ್ಲ, ಆ ಅಲೆಯ ಉದ್ದ ಸುಮಾರು 3 ಮೀಟರ್. ಮೇಲೆ ಹೇಳಿದ ಅದೇ ಗುಡ್ಡ ಅದಕ್ಕೆ ಬರೀ 18 ಡಿಬಿ ನಷ್ಟ ಮಾಡುತ್ತದೆ. ಅಲೆ ಉದ್ದ ಇದ್ದಷ್ಟೂ ಗುಡ್ಡದ ಮೇಲಿಂದ ಬಾಗಿ ಕೆಳಗಿಳಿಯುತ್ತದೆ. ಫೋನ್ ಸತ್ತ ಗದ್ದೆಯ ಬದಿಯಲ್ಲೂ ರೇಡಿಯೋ ಹಾಡುವುದಕ್ಕೆ ಇದೂ ಒಂದು ಕಾರಣ. ಪ್ರಸಾರ ಕೇಂದ್ರದ ಶಕ್ತಿ ಜಾಸ್ತಿ ಇರುವುದು ಇನ್ನೊಂದು.

ಅಳೆಯುವ ದಾರಿಗಳು

ನಾಲ್ಕು ದಾರಿ ಇವೆ: ಕೈಯಲ್ಲಿರುವ ಫೋನ್, ಬೇರೆಯವರು ಅಳೆದು ಹಾಕಿದ ನಕ್ಷೆ, ಕಂಪ್ಯೂಟರಿಗೆ ಸಿಕ್ಕಿಸುವ ಸಣ್ಣ ರೇಡಿಯೋ, ಮತ್ತೆ ವೃತ್ತಿಪರರ ಡ್ರೈವ್ ಟೆಸ್ಟ್.

ಮುಕ್ಕಾಲು ಪಾಲು ಜನರಿಗೆ ಫೋನೇ ಸಾಕು. ಆಂಡ್ರಾಯ್ಡ್ ಆದರೆ ನೆಟ್‌ಮಾನ್‌ಸ್ಟರ್, ನೆಟ್‌ವರ್ಕ್ ಸೆಲ್ ಇನ್ಫೋ, ಸೆಲ್‌ಮ್ಯಾಪರ್, ಇವುಗಳಲ್ಲಿ ಯಾವುದನ್ನಾದರೂ ಹಾಕಿಕೊಳ್ಳಿ. ಆರ್‌ಎಸ್‌ಆರ್‌ಪಿ, ಬ್ಯಾಂಡ್, ಸೆಲ್ಲಿನ ನಂಬರ್ ಮೂರೂ ಕಾಣುತ್ತವೆ. ಏನೂ ಹಾಕದೆ *#*#4636#*#* ಒತ್ತಿದರೂ ತುಂಬಾ ಫೋನ್‌ಗಳಲ್ಲಿ ಪರೀಕ್ಷೆಯ ಪುಟ ತೆರೆಯುತ್ತದೆ. ಐಫೋನ್‌ನಲ್ಲಿ ಆಪ್‌ಗಳಿಗೆ ಈ ಅಂಕಿ ಓದಲು ಬಿಡುವುದಿಲ್ಲ, *3001#12345#* ಒತ್ತಿ ಆಪಲ್ ಕಂಪನಿಯದೇ ಪುಟ ನೋಡಬೇಕು. ಅಳೆಯುವ ಕೆಲಸಕ್ಕೆ ಆಂಡ್ರಾಯ್ಡೇ ಮೇಲು. ಪರದೆಯ ಮೇಲಿನ ಕಡ್ಡಿಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಎಷ್ಟಕ್ಕೆ ಎಷ್ಟು ಕಡ್ಡಿ ಅನ್ನುವುದು ಫೋನಿನಿಂದ ಫೋನಿಗೆ ಬೇರೆ.

ಕೆಲವು ಫೋನ್‌ಗಳು ಟೈಮಿಂಗ್ ಅಡ್ವಾನ್ಸ್ ಅನ್ನುವ ಅಂಕಿಯನ್ನೂ ತೋರಿಸುತ್ತವೆ. 4ಜಿಯಲ್ಲಿ ಅದರ ಒಂದೊಂದು ಹೆಜ್ಜೆಗೆ ಸುಮಾರು 78 ಮೀಟರ್. 64 ಅಂತ ತೋರಿಸಿದರೆ ಸಿಗ್ನಲ್ 5 ಕಿಲೋಮೀಟರ್ ದಾರಿ ನಡೆದು ಬಂದಿದೆ ಎಂದು ಅರ್ಥ. ಇದು ನನಗೆ ತುಂಬಾ ಇಷ್ಟದ ಅಂಕಿ. ನಕ್ಷೆಯಲ್ಲಿ 3 ಕಿಲೋಮೀಟರ್ ಇರುವ ಟವರಿಗೆ ಫೋನ್ 5 ತೋರಿಸಿದರೆ ಎರಡರಲ್ಲಿ ಒಂದು. ಒಂದೋ ನೀವು ಬೇರೆ ಟವರಿಗೆ ಸೇರಿದ್ದೀರಿ, ಇಲ್ಲವೇ ಎದುರಿನ ಬೆಟ್ಟಕ್ಕೆ ಬಡಿದು ಬಂದ ಅಲೆ ನಿಮಗೆ ಸಿಗುತ್ತಿದೆ. ಎರಡನೆಯದಾದರೆ ಆಂಟೆನಾವನ್ನು ಟವರಿನ ಕಡೆ ಅಲ್ಲ, ಆ ಬೆಟ್ಟದ ಕಡೆ ತಿರುಗಿಸಿ ನೋಡಬೇಕು.

ಫೋನಿನಲ್ಲಿ ಅಳೆಯುವಾಗ ಜನ ಮಾಡುವ ದೊಡ್ಡ ತಪ್ಪು ಎಂದರೆ ಒಂದೇ ಕಡೆ ನಿಂತು ಒಂದೇ ಸಲ ಓದುವುದು. ಅಲೆಗಳು ಮರಕ್ಕೆ, ಗೋಡೆಗೆ, ಬೆಟ್ಟಕ್ಕೆ ಬಡಿದು ನಾಲ್ಕು ಕಡೆಯಿಂದ ಬಂದು ಸೇರುತ್ತವೆ. ಒಂದು ಕಡೆ ಕೂಡಿ ಬಲವಾಗುತ್ತವೆ, ಪಕ್ಕದಲ್ಲೇ ಒಂದನ್ನೊಂದು ಕಳೆದು ಹಾಕುತ್ತವೆ. 900 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 33 ಸೆಂಟಿಮೀಟರ್, ಹಾಗಾಗಿ ಒಂದು ಗೇಣು ಸರಿದರೂ ಅಂಕಿ ಬದಲಾಗಬಹುದು. ಇದಕ್ಕೆ ವಿಲಿಯಂ ಲೀ ಎಂಬ ಎಂಜಿನಿಯರ್ ಕೊಟ್ಟ ಪರಿಹಾರ ಇವತ್ತಿಗೂ ನಡೆಯುತ್ತಿದೆ. 40 ಅಲೆಯುದ್ದದಷ್ಟು ದೂರ ನಡೆಯುತ್ತಾ, ಸುಮಾರು 50 ಸಲ ಓದಿ, ಸರಾಸರಿ ತೆಗೆಯಿರಿ. 900ಕ್ಕೆ ಅದು 13 ಮೀಟರ್, 2300ಕ್ಕೆ 5 ಮೀಟರ್ ಸ್ವಲ್ಪ ಮೇಲೆ. ಅಂದರೆ ಕಣದ ಒಂದು ಅಂಚಿನಲ್ಲಿ ನಿಧಾನಕ್ಕೆ ನಡೆದರೆ ಒಂದು ಜಾಗದ ಅಳತೆ ಮುಗಿಯಿತು. ಫೋನನ್ನು ಎದೆಯ ಎತ್ತರದಲ್ಲಿ ಮೈಯಿಂದ ದೂರ ಹಿಡಿಯಿರಿ. ಎಲ್ಲ ಜಾಗಕ್ಕೂ ಅದೇ ಫೋನ್ ಇರಲಿ, ಎರಡು ಫೋನ್ ಒಂದೇ ಜಾಗದಲ್ಲಿ ಬೇರೆ ಬೇರೆ ಅಂಕಿ ಕೊಡುತ್ತವೆ. ಬ್ಯಾಂಡ್ ಯಾವುದು ಅಂತ ಪ್ರತಿ ಸಲ ಬರೆದುಕೊಳ್ಳಿ. ಫೋನ್ ತನ್ನಷ್ಟಕ್ಕೆ 1800ರಿಂದ 900ಕ್ಕೆ ಹಾರಿದ್ದರೆ ಎರಡು ಅಂಕಿಗಳನ್ನು ಹೋಲಿಸುವುದರಲ್ಲಿ ಅರ್ಥವೇ ಇಲ್ಲ.

ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದಿಲ್ಲ, ಆದರೆ ಇದಕ್ಕಿಂತ ಕೆಟ್ಟದ್ದು. ಸಿಗ್ನಲ್ ಪೂರ್ತಿ ಇಲ್ಲದ ಕಡೆ ಫೋನ್ ಯಾವ ಅಂಕಿಯನ್ನೂ ಬರೆಯುವುದಿಲ್ಲ. ಅಲ್ಲಿಗೆ ಆ ಜಾಗ ನಿಮ್ಮ ಪಟ್ಟಿಯಿಂದಲೇ ಬಿಟ್ಟುಹೋಗುತ್ತದೆ. ಹತ್ತು ಕಡೆ ಅಳೆದು ನಾಲ್ಕು ಕಡೆ ಏನೂ ಸಿಗದಿದ್ದರೆ, ಉಳಿದ ಆರರ ಸರಾಸರಿ ನೋಡಿದವರು ಊರಿನಲ್ಲಿ ನೆಟ್‌ವರ್ಕ್ ಪರವಾಗಿಲ್ಲ ಅನ್ನುತ್ತಾರೆ. ಆದ್ದರಿಂದ ಒಂದು ನೋಟ್‌ಬುಕ್ ಇಟ್ಟುಕೊಂಡು, 'ಇಲ್ಲಿ ಏನೂ ಇಲ್ಲ' ಅಂತ ಕೈಯಾರೆ ಬರೆಯಿರಿ. ಜಾಗ, ದಿನ, ಗಂಟೆ ಸಮೇತ. ಊರಿನ ಅರ್ಜಿಗೆ ಅತಿ ಮುಖ್ಯವಾದ ಸಾಲು ಅದೇ.

ಸೆಲ್‌ಮ್ಯಾಪರ್ ತರಹದ ನಕ್ಷೆಗಳು ಜನರ ಫೋನ್‌ಗಳಿಂದ ತುಂಬಿದವು. ಮಡಿಕೇರಿ–ಕುಶಾಲನಗರ ಹೆದ್ದಾರಿಯಲ್ಲಿ ಅವು ಉಪಯೋಗಕ್ಕೆ ಬರುತ್ತವೆ. ಒಳಗಿನ ತೋಟದ ದಾರಿಗಳಲ್ಲಿ ಯಾರೂ ಅಳೆದಿರುವುದಿಲ್ಲ. ಟವರಿನ ಜಾಗವನ್ನೂ ಅವು ಅಳತೆಗಳಿಂದ ಊಹಿಸಿ ಗುರುತು ಹಾಕುತ್ತವೆ, ಬೆಟ್ಟದಲ್ಲಿ ಆ ಊಹೆ ತುಂಬಾ ತಪ್ಪುತ್ತದೆ. ಟವರ್ ಎಲ್ಲಿದೆ ಅಂತ ತಿಳಿಯಲು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್ ನೋಡಿ, ಇಲ್ಲವೇ ಜೀಪ್ ಹತ್ತಿ ಹೋಗಿ ನೋಡಿ.

ಆರ್‌ಟಿಎಲ್ ಎಸ್‌ಡಿಆರ್ ಅನ್ನುವ ಸಣ್ಣ ರೇಡಿಯೋ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಸಾಮಾನ್ಯ ಮಾದರಿ ಸುಮಾರು 1700 ಮೆಗಾಹರ್ಟ್ಸ್‌ವರೆಗೆ ಕೇಳುತ್ತದೆ, ಹಾಗಾಗಿ 700, 850, 900 ಅದರ ವ್ಯಾಪ್ತಿಗೆ ಬರುತ್ತವೆ, 1800 ಮತ್ತು ಮೇಲಿನವು ಬರುವುದಿಲ್ಲ. ಕಾಲೇಜಿನ ಪ್ರಾಜೆಕ್ಟ್ ಮಾಡುವವರಿಗೆ ಒಳ್ಳೆಯದು. ಸಿಮ್ ಇಲ್ಲದೆ ಎಲ್ಲ ಕಂಪನಿಗಳ ಸಿಗ್ನಲ್ ಒಟ್ಟಿಗೆ ನೋಡಬಹುದು. ಆದರೆ ಅಂಕಿ ನಿಜವಾದ ಡಿಬಿಎಂ, ಅಂದರೆ ಫೋನ್ ತೋರಿಸುವಂಥ ಶಕ್ತಿಯ ಅಳತೆ, ಆಗಬೇಕಾದರೆ ಅದನ್ನು ಸರಿಹೊಂದಿಸಬೇಕು, ಅದೊಂದು ದೊಡ್ಡ ಕೆಲಸ. ಮನೆಯ ಸಮಸ್ಯೆಗೆ ಬೇಡ.

ಡ್ರೈವ್ ಟೆಸ್ಟ್ ಕಂಪನಿಗಳ ಮತ್ತು ಟ್ರಾಯ್‌ನ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಕೆಲಸ. ಟೆಮ್ಸ್, ನೆಮೋ ಮುಂತಾದ ಸಾಧನ, ಸ್ಕ್ಯಾನರ್, ಕಾರಿನ ಮೇಲೆ ಆಂಟೆನಾ. ಅಳತೆ ಬಹಳ ನಿಖರ. ಆದರೆ ಹೆಸರೇ ಹೇಳುವ ಹಾಗೆ ಅದು ಕಾರು ಹೋಗುವ ದಾರಿಯ ಅಳತೆ. ನಮ್ಮಲ್ಲಿ ಮನೆಗಳು ರಸ್ತೆ ಬದಿಗೆ ಸಾಲಾಗಿ ಇಲ್ಲವಲ್ಲ, ಒಂದೊಂದು ಮನೆ ತೋಟದ ಒಳಗೆ, ಗದ್ದೆಯ ಮೇಲೆ, ಗುಡ್ಡದ ಮಡಿಲಲ್ಲಿ ಒಂಟಿಯಾಗಿದೆ. ರಸ್ತೆಯ ಅಂಕಿ ಆ ಮನೆಯ ಅಂಕಿ ಆಗುವುದಿಲ್ಲ.

ಒಂದು ಎಚ್ಚರಿಕೆ. ಎತ್ತರದ ಜಾಗದಲ್ಲಿ ಆರ್‌ಎಸ್‌ಆರ್‌ಪಿ -85 ಇದ್ದರೂ ನೆಟ್ ಓಡದೆ ಇರಬಹುದು. ಗುಡ್ಡದ ಮೇಲೆ ನಿಂತರೆ ನಾಪೋಕ್ಲು, ವಿರಾಜಪೇಟೆ, ಮಡಿಕೇರಿ ಎಲ್ಲ ಕಡೆಯ ಟವರುಗಳೂ ಫೋನಿಗೆ 'ಕಾಣುತ್ತವೆ', ಒಂದರ ಮಾತಿನ ಮೇಲೆ ಇನ್ನೊಂದು ಬೀಳುತ್ತದೆ. ಅದಕ್ಕೆ ಎಸ್‌ಐಎನ್‌ಆರ್ ಅಂಕಿಯನ್ನೂ ನೋಡಿ, ಬೇಕಾದ ಸಿಗ್ನಲ್ ಗಲಾಟೆಗಿಂತ ಎಷ್ಟು ಜೋರು ಅಂತ ಅದು ಹೇಳುತ್ತದೆ. ಅದು ಸೊನ್ನೆಯ ಹತ್ತಿರ ಇದ್ದರೆ ಸಿಗ್ನಲ್ ಕೊರತೆ ಅಲ್ಲ, ಗಲಾಟೆ ಜಾಸ್ತಿ. ಆಗ ಎತ್ತರಕ್ಕಿಂತ, ಬೇಡದ ಟವರುಗಳನ್ನು ಮರೆಮಾಡುವ ಸ್ವಲ್ಪ ಕೆಳಗಿನ ಜಾಗವೇ ಒಳ್ಳೆಯದು.

ಲೆಕ್ಕ ಹಾಕುವ ದಾರಿಗಳು

ಎಲ್ಲ ಕಡೆ ನಡೆದು ಅಳೆಯಲು ಆಗುವುದಿಲ್ಲ. ಇನ್ನೂ ಬಾರದ ಟವರನ್ನು ಅಳೆಯಲು ಬರುವುದೇ ಇಲ್ಲ. ಅಲ್ಲಿ ಲೆಕ್ಕ ಬೇಕು.

ಪುಸ್ತಕದಲ್ಲಿ ಮೊದಲು ಸಿಗುವುದು ಒಕುಮುರಾ–ಹಾಟಾ. ಒಕುಮುರಾ ತಂಡ ಟೋಕಿಯೋ ಸುತ್ತ ಅಳೆದು 1968ರಲ್ಲಿ ಪ್ರಕಟಿಸಿದ ರೇಖೆಗಳನ್ನು ಹಾಟಾ 1980ರಲ್ಲಿ ಸೂತ್ರವಾಗಿಸಿದರು. ಆವರ್ತನ 150ರಿಂದ 1500 ಮೆಗಾಹರ್ಟ್ಸ್, ದೂರ 1ರಿಂದ 20 ಕಿಲೋಮೀಟರ್, ಟವರ್ ಎತ್ತರ 30ರಿಂದ 200 ಮೀಟರ್. ಕೋಸ್ಟ್ 231 ಎಂಬ ಯುರೋಪಿನ ಯೋಜನೆ ಅದನ್ನು 2000 ಮೆಗಾಹರ್ಟ್ಸ್‌ವರೆಗೆ ಎಳೆಯಿತು. ಎರಡು ನಿಮಿಷದ ಕೆಲಸ, ಕ್ಯಾಲ್ಕುಲೇಟರ್ ಸಾಕು.

ಆದರೆ ಈ ಸೂತ್ರಕ್ಕೆ ಗುಡ್ಡ ಗೊತ್ತಿಲ್ಲ. 40 ಮೀಟರ್ ಟವರ್, 900 ಮೆಗಾಹರ್ಟ್ಸ್, 5 ಕಿಲೋಮೀಟರ್ ಹಾಕಿದರೆ 'ನಗರ' ಅಂದರೆ 149 ಡಿಬಿ, 'ಬಯಲು' ಅಂದರೆ 120 ಡಿಬಿ ಬರುತ್ತದೆ. 29 ಡಿಬಿ ವ್ಯತ್ಯಾಸ ಬರೀ ಒಂದು ಪದ ಆರಿಸಿದ್ದರಿಂದ! ಕಕ್ಕಬ್ಬೆ ನಗರವೂ ಅಲ್ಲ, ಬಯಲೂ ಅಲ್ಲ. ಟವರಿನ ಕಡೆಗೆ ಮುಖ ಮಾಡಿದ ಇಳಿಜಾರಿಗೂ ಗುಡ್ಡದ ಬೆನ್ನಿಗೂ ಹಾಟಾ ಒಂದೇ ಅಂಕಿ ಕೊಡುತ್ತದೆ. ಕುಶಾಲನಗರ, ಕೂಡಿಗೆ, ಹೆಬ್ಬಾಲೆ ಕಡೆ ನೆಲ ಸಮತಟ್ಟಾಗಿದೆ, ಅಲ್ಲಿ ಹಾಟಾ ಬಳಸಿ, ತಪ್ಪಿಲ್ಲ. ಭಾಗಮಂಡಲ, ಗಾಳಿಬೀಡು, ಬಿರುನಾಣಿ, ಕರಿಕೆ, ಸಂಪಾಜೆ ಕಡೆ ಅದನ್ನು ಮುಟ್ಟಲೇಬೇಡಿ.

ಎರಡನೆಯದು ನೈಫ್ ಎಡ್ಜ್ ಲೆಕ್ಕ. ಗುಡ್ಡದ ನೆತ್ತಿಯನ್ನು ಒಡಿಕತ್ತಿಯ ಅಲಗಿನ ಹಾಗೆ ತೆಳುವಾದ ಅಂಚು ಅಂತ ಭಾವಿಸಿ, ಅಲೆ ಅದರ ಮೇಲಿಂದ ಎಷ್ಟು ಬಾಗುತ್ತದೆ ಅಂತ ಕಂಡುಹಿಡಿಯುವುದು. ನಾನು ಮೇಲೆ 27 ಡಿಬಿ ಅಂತ ಹೇಳಿದ್ದು ಇದರಿಂದಲೇ. ನನಗೆ ಇದರ ಮೇಲೆ ಬಹಳ ನಂಬಿಕೆ, ಯಾಕೆಂದರೆ ಕೈಯಲ್ಲೇ ಮಾಡಬಹುದು, ಮಾಡುವಾಗ ಕಾರಣವೂ ಅರ್ಥವಾಗುತ್ತದೆ. ಗೂಗಲ್ ಅರ್ತ್ ಪ್ರೊನಲ್ಲಿ ಟವರಿನಿಂದ ಮನೆಗೆ ಗೆರೆ ಎಳೆದು ಎತ್ತರದ ಚಿತ್ರ ತೆಗೆಯಿರಿ. ನೇರ ಗೆರೆಗಿಂತ ಗುಡ್ಡ ಎಷ್ಟು ಮೇಲಿದೆ, ಎರಡೂ ಕಡೆಗೆ ಎಷ್ಟು ದೂರ, ಈ ಮೂರು ಅಂಕಿ ಸಾಕು. ಗುಡ್ಡ ಗೆರೆಯನ್ನು ಬರೀ ಮುಟ್ಟಿದ್ದರೂ 6 ಡಿಬಿ ಹೋಗುತ್ತದೆ. ಟವರ್ ಕಣ್ಣಿಗೆ ಕಂಡ ಮಾತ್ರಕ್ಕೆ ದಾರಿ ಖಾಲಿ ಅಂತಲ್ಲ. 5 ಕಿಲೋಮೀಟರ್ ದಾರಿಯ ನಡುವೆ, 900 ಮೆಗಾಹರ್ಟ್ಸ್‌ಗೆ, ಗೆರೆಯ ಸುತ್ತ 20 ಮೀಟರ್ ತ್ರಿಜ್ಯದ ಜಾಗ ಬೇಕು. ಅದನ್ನು ಫ್ರೆನೆಲ್ ವಲಯ ಅನ್ನುತ್ತಾರೆ. ಕನಿಷ್ಠ ಅದರ ನೂರಕ್ಕೆ 60 ಪಾಲು, ಅಂದರೆ 12 ಮೀಟರ್ ಆದರೂ ಖಾಲಿ ಇರಬೇಕು. ಸಿಲ್ವರ್ ಮರದ ತುದಿಗಳು ಆ ಜಾಗಕ್ಕೆ ಸುಲಭವಾಗಿ ಬಂದುಬಿಡುತ್ತವೆ.

ನಮ್ಮ ಕಣದ ಮೂಲೆಯ ಗುಟ್ಟು ಬಿಡಿಸಿಕೊಟ್ಟದ್ದೂ ಇದೇ ಲೆಕ್ಕ. ಆ ಮೂಲೆಯಿಂದ ಟವರಿಗೆ ಎಳೆದ ಗೆರೆ ಗುಡ್ಡದ ತಗ್ಗಾದ ಹೆಗಲಿನ ಮೇಲೆ ಹೋಗುತ್ತದೆ. ಅಂಗಳದಿಂದ ಎಳೆದರೆ ನೆತ್ತಿಯ ಮೇಲೆ ಹೋಗುತ್ತದೆ. ಅಡ್ಡ ಇರುವ ಎತ್ತರ 60 ಮೀಟರಿನಿಂದ 20ಕ್ಕೆ ಇಳಿದರೆ ನಷ್ಟ 27ರಿಂದ 18ಕ್ಕೆ ಇಳಿಯುತ್ತದೆ. ಕಣದ ಮುಂದೆ ಮರವೂ ಇಲ್ಲ. ಆ ಮೂಲೆ ಸುಮ್ನೆ ಅಲ್ಲ!

ಇದರ ಕೊರತೆ ಎಂದರೆ, ಕೊಡಗಿನಲ್ಲಿ ಒಂದು ಗುಡ್ಡದ ಹಿಂದೆ ಇನ್ನೊಂದು ಇರುತ್ತದೆ, ಎಲ್ಲವೂ ದುಂಡಗಿರುತ್ತವೆ. ದುಂಡಗಿನ ಗುಡ್ಡ ಅಲಗಿಗಿಂತ ಜಾಸ್ತಿ ತಿನ್ನುತ್ತದೆ. ಎರಡು ಮೂರು ಗುಡ್ಡ ಇದ್ದರೆ ಬುಲಿಂಗ್‌ಟನ್ ವಿಧಾನ ಎಲ್ಲವನ್ನೂ ಸೇರಿಸಿ ಒಂದೇ ಗುಡ್ಡ ಮಾಡುತ್ತದೆ, ನಷ್ಟವನ್ನು ಕಡಿಮೆ ತೋರಿಸುವ ಕಡೆಗೆ ವಾಲುತ್ತದೆ. ಡೇಗೌಟ್ ವಿಧಾನ ಒಂದೊಂದನ್ನೂ ಕೂಡಿಸುತ್ತದೆ, ಜಾಸ್ತಿ ತೋರಿಸುವ ಕಡೆಗೆ ವಾಲುತ್ತದೆ. ನಾನು ಎರಡನ್ನೂ ಮಾಡಿ ನಿಜ ಮಧ್ಯೆ ಎಲ್ಲೋ ಇದೆ ಅಂತ ಇಟ್ಟುಕೊಳ್ಳುತ್ತೇನೆ.

ಮೂರನೆಯದು ಲಾಂಗ್ಲಿ–ರೈಸ್. ಆನಿಟಾ ಲಾಂಗ್ಲಿ ಮತ್ತು ಫಿಲ್ ರೈಸ್ 1960ರ ದಶಕದಲ್ಲಿ ಅಮೆರಿಕದಲ್ಲಿ ಏರುಪೇರಿನ ನೆಲಕ್ಕೆಂದೇ ಮಾಡಿದ ಮಾದರಿ, 20 ಮೆಗಾಹರ್ಟ್ಸ್‌ನಿಂದ 20 ಗಿಗಾಹರ್ಟ್ಸ್‌ವರೆಗೆ ನಡೆಯುತ್ತದೆ. ಕಂಪ್ಯೂಟರ್ ಎತ್ತರದ ನಕ್ಷೆ ಓದಿ ಪ್ರತಿ ದಿಕ್ಕಿಗೂ ಗುಡ್ಡಗಳನ್ನು ಲೆಕ್ಕ ಹಾಕುತ್ತದೆ. ಇಡೀ ಪಂಚಾಯಿತಿಯ ನಕ್ಷೆ ಬೇಕಾದರೆ ನನ್ನ ಆಯ್ಕೆ ಇದೇ. ಉಚಿತವಾಗಿ ಬೇಕಾದರೆ ವಿಂಡೋಸ್‌ಗೆ ರೇಡಿಯೋ ಮೊಬೈಲ್, ಲಿನಕ್ಸ್‌ಗೆ ಸ್ಪ್ಲ್ಯಾಟ್. ಎರಡೂ ಹ್ಯಾಮ್ ರೇಡಿಯೋ ಹವ್ಯಾಸಿಗಳು ಮಾಡಿದವು. ರೇಡಿಯೋ ಮೊಬೈಲ್ ಕಲಿಯಲು ಒಂದು ವಾರಾಂತ್ಯ ಬೇಕು, ಪರದೆ ಹಳೆಯ ಕಾಲದ್ದು, ಆದರೆ ಎರಡು ಜಾಗದ ನಡುವಿನ ಚಿತ್ರ ಬಹಳ ಚೆನ್ನಾಗಿ ತೋರಿಸುತ್ತದೆ. ಸ್ಪ್ಲ್ಯಾಟ್‌ನಲ್ಲಿ ಎಲ್ಲವನ್ನೂ ಟೈಪ್ ಮಾಡಿ ಹೇಳಬೇಕು, ಕಮಾಂಡ್ ಬರೆದು ಅಭ್ಯಾಸ ಇರುವವರಿಗೆ ಅದೇ ವೇಗ. ಇನ್‌ಸ್ಟಾಲ್ ಮಾಡುವ ತಲೆನೋವೇ ಬೇಡ ಅನ್ನುವವರಿಗೆ ಕ್ಲೌಡ್ಆರ್‌ಎಫ್ ಇದೆ, ಬ್ರೌಸರಿನಲ್ಲೇ ಆಗುತ್ತದೆ, ಜಾಸ್ತಿ ಬಳಸಿದರೆ ದುಡ್ಡು ಕೊಡಬೇಕು. ಕಂಪನಿಗಳು ಬಳಸುವ ಅಟಾಲ್ ತರಹದವು ನಮ್ಮ ಕೈಗೆ ಎಟುಕುವ ಮಾತಲ್ಲ.

ರೇ ಟ್ರೇಸಿಂಗ್ ಕಟ್ಟಡಗಳ ಮೂರು ಆಯಾಮದ ನಕ್ಷೆ ಇರುವ ಮಹಾನಗರಗಳಿಗೆ. ಇಲ್ಲಿಗೆ ಬೇಡ. ಮಷೀನ್ ಲರ್ನಿಂಗ್ ಬಗ್ಗೆಯೂ ಹುಡುಗರು ಕೇಳುತ್ತಾರೆ, ಅದಕ್ಕೆ ಸಾವಿರಾರು ಅಳತೆ ಬೇಕು, ಮೊದಲು ಅಳೆಯೋಣ.

ಎತ್ತರದ ನಕ್ಷೆ ಮತ್ತು ಮರ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ತೋಟದ ನಾಡಿನಲ್ಲಿ ಎಲ್ಲ ತಪ್ಪುಗಳೂ ಇಲ್ಲೇ ಹುಟ್ಟುತ್ತವೆ. ಎಸ್‌ಆರ್‌ಟಿಎಂ ಅಂದರೆ 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಅಳೆದ ಎತ್ತರ, 30 ಮೀಟರಿಗೆ ಒಂದು ಅಂಕಿ. ಆ ರಾಡಾರ್ ದಟ್ಟ ಮರಗಳ ಕೆಳಗೆ ನೆಲದವರೆಗೆ ಪೂರ್ತಿ ಇಳಿದಿಲ್ಲ. ಹಾಗಾಗಿ ತೋಟದಲ್ಲಿ ಅದು ಹೇಳುವ ಎತ್ತರ ನೆಲವೂ ಅಲ್ಲ, ಮರದ ತುದಿಯೂ ಅಲ್ಲ, ನಡುವಿನದ್ದು. ಕೋಪರ್ನಿಕಸ್‌ನ 30 ಮೀಟರ್ ನಕ್ಷೆ ಹೊಸದು, ಚೊಕ್ಕ, ಆದರೆ ಅದೂ ಮರ, ಕಟ್ಟಡ ಸೇರಿದ ಮೇಲ್ಮೈಯದೇ. ಇಸ್ರೋದ ಕಾರ್ಟೋಸ್ಯಾಟ್-1 ಚಿತ್ರಗಳಿಂದ ಮಾಡಿದ ಕಾರ್ಟೋಡೆಮ್ ಭುವನ್ ತಾಣದಲ್ಲಿ ಸಿಗುತ್ತದೆ, ಅದರದ್ದೂ ಅದೇ ಕಥೆ. ಕೋಪರ್ನಿಕಸ್‌ನಿಂದ ಮರ, ಕಟ್ಟಡ ಕಳೆದು ಮಾಡಿದ್ದು ಫ್ಯಾಬ್‌ಡೆಮ್, ವ್ಯಾಪಾರಕ್ಕಲ್ಲದೆ ಬಳಸುವವರಿಗೆ ಉಚಿತ.

ಆಯ್ಕೆ ಹೀಗೆ ಮಾಡಿ. ಮರದ ನಷ್ಟವನ್ನು ನೀವೇ ಬೇರೆಯಾಗಿ ಕೂಡಿಸುವವರಾದರೆ ಫ್ಯಾಬ್‌ಡೆಮ್ ತೆಗೆದುಕೊಳ್ಳಿ. ಎಸ್‌ಆರ್‌ಟಿಎಂ ತೆಗೆದುಕೊಂಡು ಅದರ ಮೇಲೆ ಮತ್ತೆ 20 ಮೀಟರ್ ಮರ ನೆಟ್ಟರೆ ಒಂದೇ ಮರವನ್ನು ಎರಡು ಸಲ ಎಣಿಸಿದ ಹಾಗೆ, ಸಿಗ್ನಲ್ ಇರುವ ಕಡೆಯೂ ಇಲ್ಲ ಅಂತ ಬರುತ್ತದೆ. ಕುಶಾಲನಗರದ ಹೊಲಗಳಲ್ಲಿ ಯಾವುದು ಬಳಸಿದರೂ ನಡೆಯುತ್ತದೆ.

ಮರದ ಸೂತ್ರದಲ್ಲೂ ಒಂದು ಮಿತಿ ಇದೆ. ವೈಸ್‌ಬರ್ಗರ್ ಸೂತ್ರ 400 ಮೀಟರ್ ದಪ್ಪದ ಮರಗಳವರೆಗೆ ಮಾತ್ರ, ಅದೂ ನೆನೆಯದ ಎಲೆಗಳ ತಂಪು ನಾಡಿನ ಮರಗಳಿಗೆ. 100 ಮೀಟರಿಗೆ 19 ಡಿಬಿ ಆದರೆ 200ಕ್ಕೆ 38 ಅಲ್ಲ, 29. ಕಾಡು ಇನ್ನೂ ಉದ್ದ ಇದ್ದರೆ ಅಲೆ ಒಳಗಿನಿಂದ ಬರುವುದೇ ಇಲ್ಲ, ಮರದ ತಲೆಗಳ ಮೇಲೆ ಬಂದು ಕೊನೆಯಲ್ಲಿ ಕೆಳಗಿಳಿಯುತ್ತದೆ. ಆಗ ನಿಮ್ಮ ಮನೆಯ ಮುಂದಿನ ಕೆಲವು ಮೀಟರ್ ಖಾಲಿ ಜಾಗಕ್ಕೇ ಬೆಲೆ ಜಾಸ್ತಿ.

ನಿಮಗೆ ಯಾವುದು

ಮನೆಗೆ ಅಥವಾ ಹೋಂಸ್ಟೇಗೆ ನೆಟ್ ಬೇಕು ಅನ್ನುವವರು ಸಾಫ್ಟ್‌ವೇರ್ ಗೊಡವೆಗೆ ಹೋಗಬೇಕಾಗಿಲ್ಲ. ಫೋನಿನಲ್ಲಿ ಹತ್ತು ಕಡೆ ಅಳೆಯಿರಿ, ಒಂದು ನೈಫ್ ಎಡ್ಜ್ ಲೆಕ್ಕ ಮಾಡಿ. ಹೊರಗಿನ ಆಂಟೆನಾ ಸಿಕ್ಕಿಸಬಹುದಾದ 4ಜಿ ರೂಟರ್ ತೆಗೆದುಕೊಳ್ಳಿ, ಒಳಗೆ ವೈಫೈ ಕಾಲಿಂಗ್ ಹಾಕಿಕೊಳ್ಳಿ. ಕಂಬ ಎಷ್ಟು ಎತ್ತರ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಮೇಲಿನ ಉದಾಹರಣೆಯಲ್ಲೇ ನೋಡಿ, 10 ಮೀಟರ್ ಕಂಬ ಏರಿಸಿದರೆ ಗುಡ್ಡದ ಹತ್ತಿರ ಗೆರೆ ಏರುವುದು 8 ಮೀಟರ್ ಮಾತ್ರ. 60 ಮೀಟರ್ ಅಡ್ಡ ಇದ್ದದ್ದು 52 ಆಗುತ್ತದೆ, ಗುಡ್ಡದ ನಷ್ಟ ಒಂದು ಡಿಬಿಯಷ್ಟು ಇಳಿದರೆ ಹೆಚ್ಚು. ಆದರೆ ಅದೇ ಕಂಬ ಮರದ ತಲೆ ದಾಟಿದರೆ 19 ಡಿಬಿಯಲ್ಲಿ ದೊಡ್ಡ ಪಾಲು ವಾಪಸ್ ಬರುತ್ತದೆ. ಕಂಬ ಮರಕ್ಕಾಗಿ, ಗುಡ್ಡಕ್ಕಾಗಿ ಅಲ್ಲ. ಗುಡ್ಡಕ್ಕೆ ಬೇಕಾದದ್ದು ಜಾಗ ಬದಲಿಸುವುದು. ಅಂಗಡಿಯಲ್ಲಿ ಸಿಗುವ ಮೊಬೈಲ್ ಬೂಸ್ಟರ್ ಮಾತ್ರ ಬೇಡವೇ ಬೇಡ. ಪರವಾನಗಿ ಇಲ್ಲದೆ ಹಾಕುವುದು ಕಾನೂನಿಗೆ ವಿರುದ್ಧ, ಪಕ್ಕದ ಮನೆಯವರ ಸಿಗ್ನಲ್ಲನ್ನೂ ಅದು ಕೆಡಿಸುತ್ತದೆ.

ಊರಿಗೆ ಟವರ್ ಕೇಳುವವರಿಗೆ ಎರಡೂ ಬೇಕು, ಲೆಕ್ಕವೂ ಅಳತೆಯೂ. 2022ರ ಜುಲೈನಲ್ಲಿ ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅಂಥ ಯೋಜನೆಗಳಲ್ಲಿ ಹಳ್ಳಿಯನ್ನು ಒಂದು ಘಟಕವಾಗಿ ಎಣಿಸುತ್ತಾರೆ. ನಮ್ಮಲ್ಲಿ ಬಸ್ ನಿಲ್ಲುವ ಕಡೆ ಸಿಗ್ನಲ್ ಇದ್ದು, ಎರಡು ಗುಡ್ಡದ ಆಚೆಯ ಲೈನ್‌ಮನೆಗಳಲ್ಲಿ (ತೋಟದ ಕೆಲಸಗಾರರ ಸಾಲುಮನೆ) ಇಲ್ಲದಿದ್ದರೆ ಆ ಹಳ್ಳಿಯನ್ನು ಯಾವ ಪಟ್ಟಿಗೆ ಹಾಕುವುದು? ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. 2024ರ ಟ್ರಾಯ್ ನಿಯಮದ ಪ್ರಕಾರ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಅದನ್ನು ಒಂದು ಕಡೆ ಇಡಿ, ಪಕ್ಕದಲ್ಲಿ ನಿಮ್ಮ 30–40 ಅಳತೆಗಳನ್ನು ಇಡಿ, ಏನೂ ಸಿಗದ ಜಾಗಗಳ ಸಮೇತ. ಆಮೇಲೆ ಟವರಿಗೆ ಸೂಕ್ತ ಅನಿಸಿದ ಎರಡು ಮೂರು ಜಾಗಗಳಿಂದ ಲಾಂಗ್ಲಿ–ರೈಸ್ ನಕ್ಷೆ ತೆಗೆದು ಯಾವುದರಿಂದ ಜಾಸ್ತಿ ಮನೆ ಸಿಗುತ್ತವೆ ಅಂತ ತೋರಿಸಿ. ಅತಿ ಎತ್ತರದ ಗುಡ್ಡವೇ ಒಳ್ಳೆಯ ಜಾಗ ಅಂದುಕೊಳ್ಳಬೇಡಿ, ಅದರ ಬುಡದಲ್ಲೇ ಇರುವ ಮನೆಗಳಿಗೆ ಅದರದೇ ಹೆಗಲು ಅಡ್ಡ ಬರಬಹುದು. ಕಣಿವೆಯ ಎದುರು ದಡದ ನಡು ಎತ್ತರದ ಜಾಗ ಎಷ್ಟೋ ಸಲ ಗೆಲ್ಲುತ್ತದೆ.

ಮಾದರಿಯನ್ನು ಸರಿಹೊಂದಿಸುವುದು ಕಷ್ಟ ಅಲ್ಲ. ಈಗಿರುವ ಟವರಿಗೆ ಮೊದಲು ಲೆಕ್ಕ ಹಾಕಿ. ಅಳೆದ ಪ್ರತಿ ಜಾಗದಲ್ಲೂ ಲೆಕ್ಕದ ಅಂಕಿ, ಅಳತೆಯ ಅಂಕಿ ಎರಡನ್ನೂ ಬರೆದು ವ್ಯತ್ಯಾಸದ ಸರಾಸರಿ ತೆಗೆಯಿರಿ. ಲೆಕ್ಕ ಎಲ್ಲ ಕಡೆ 12 ಡಿಬಿ ಜಾಸ್ತಿ ತೋರಿಸುತ್ತಿದ್ದರೆ 12 ಕಳೆಯಿರಿ. ನಾಲ್ಕರಲ್ಲಿ ಒಂದು ಜಾಗವನ್ನು ಮೊದಲೇ ತೆಗೆದಿಟ್ಟು, ಕೊನೆಯಲ್ಲಿ ಅವುಗಳ ಮೇಲೆ ಪರೀಕ್ಷಿಸಿ. ಅಷ್ಟು ಮಾಡಿದ ಮೇಲೂ ಒಂದೊಂದು ಜಾಗದಲ್ಲಿ 6ರಿಂದ 10 ಡಿಬಿ ಆಚೀಚೆ ಆಗುತ್ತದೆ, ಅದು ಸಹಜ. ಹಾಗಾಗಿ ನಕ್ಷೆಯಲ್ಲಿ -110 ಬಂದ ಮನೆಗೆ ಸಿಗ್ನಲ್ ಸಿಕ್ಕೇ ಸಿಗುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ.

ಮಳೆಗಾಲದ ಬಗ್ಗೆ ಒಂದು ಮಾತು. ಮಂಜು ಬಿದ್ದರೆ, ಮಳೆ ಹೊಡೆದರೆ ನೆಟ್‌ವರ್ಕ್ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮೊಬೈಲ್ ಬ್ಯಾಂಡ್‌ಗಳಲ್ಲಿ ಮಂಜಿನಿಂದಾಗಲಿ, ಮಳೆಯ ಹನಿಯಿಂದಾಗಲಿ ಆಗುವ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಹೋಗುವುದು ಬೇರೆ ಕಾರಣಕ್ಕೆ. ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿಯುತ್ತದೆ. ಮರ ಬಿದ್ದು ಕೇಬಲ್ ಕಡಿಯುತ್ತದೆ. ಟವರಿನಿಂದ ಟವರಿಗೆ ಮೈಕ್ರೋವೇವ್ ಡಿಶ್ ಇದ್ದರೆ, ಅದು 15–23 ಗಿಗಾಹರ್ಟ್ಸ್‌ನಲ್ಲಿ ನಡೆಯುವುದಾದರೆ, ಜಡಿಮಳೆಯಲ್ಲಿ ಕಿಲೋಮೀಟರಿಗೆ ಹಲವು ಡಿಬಿ ಹೋಗುತ್ತದೆ. ಆಗ ಫೋನಿನಲ್ಲಿ ಕಡ್ಡಿ ತುಂಬಾ ಇದ್ದರೂ ನೆಟ್ ಓಡುವುದಿಲ್ಲ. ಅದಕ್ಕೆ ಮಳೆಯಲ್ಲಿ ಅಳೆಯುವಾಗ ಸಿಗ್ನಲ್ ಅಂಕಿ ಇಳಿದಿದೆಯಾ, ಅಥವಾ ಅಂಕಿ ಹಾಗೇ ಇದ್ದು ನೆಟ್ ಮಾತ್ರ ನಿಂತಿದೆಯಾ ಅಂತ ಬೇರೆ ಬೇರೆ ಬರೆಯಿರಿ. ಎರಡನೆಯದಕ್ಕೆ ಹೊಸ ಟವರ್ ಪರಿಹಾರ ಅಲ್ಲ, ಇರುವ ಟವರಿಗೆ ಜನರೇಟರ್, ಫೈಬರ್ ಕೇಳಬೇಕು.

ಮಳೆಯಿಂದ ನಿಜವಾಗಿ ಬದಲಾಗುವುದು ಒದ್ದೆ ಎಲೆ. ತೋಟದ ಪಾಲು ಎಷ್ಟು ಅಂತ ತಿಳಿಯಲು ಎರಡು ಸಲ ಅಳೆಯಿರಿ. ಮುಂಗಾರಿಗೆ ಮುಂಚೆ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮುಗಿದು ತೋಟಕ್ಕೆ ಬೆಳಕು ಬಿದ್ದಾಗ ಒಮ್ಮೆ, ಮಳೆಗಾಲದ ಕಕ್ಕಡ ತಿಂಗಳಲ್ಲಿ ಎಲೆ ತುಂಬಿ ತೊಟ್ಟಿಕ್ಕುವಾಗ ಇನ್ನೊಮ್ಮೆ. ಅದೇ ಫೋನ್, ಅದೇ ಬ್ಯಾಂಡ್, ಅದೇ 13 ಮೀಟರ್ ನಡಿಗೆ. ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು ಕಂಬ ನೆಡುವ ಮುಂಚೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.